ಬಾವಿಯ ತಳದ ನಾಲ್ಕು ಗೆರೆ

ನಾನು ಒಂದು ಅಕ್ಷರ. ಚೀನಾ ದೇಶದ್ದು. ಹುಬ್ಬು ಗಂಟಿಕ್ಕಬೇಡಿ, ನನ್ನನ್ನು ಓದುವುದು ಕಷ್ಟವಲ್ಲ. ಮಲಗಿದ ಎರಡು ಗೆರೆ, ಅವುಗಳನ್ನು ದಾಟಿ ನಿಂತ ಎರಡು ಗೆರೆ: 井. ಸೊನ್ನೆ ಗುಣಿಸು ಆಟಕ್ಕೆ ನಿಮ್ಮ ಮಕ್ಕಳು ಸ್ಲೇಟಿನ ಮೇಲೆ ಮನೆ ಹಾಕುತ್ತಾರಲ್ಲ, ಹೆಚ್ಚುಕಡಿಮೆ ಅದೇ. ನನ್ನ ಹೆಸರು ಜಿಂಗ್. ನನ್ನ ಅರ್ಥ ಬಾವಿ.

ನಮ್ಮಲ್ಲಿ ನೀರಿನ ಬಳಗದ ಅಕ್ಷರಗಳು ಬಹಳ. ಹೆಚ್ಚಿನವಕ್ಕೆ ಎಡಗಡೆಯಲ್ಲಿ ಮೂರು ಹನಿಗಳ ಗುರುತು ಇರುತ್ತದೆ. ನದಿಗಿದೆ, ಕಡಲಿಗಿದೆ, ಕೊನೆಗೆ ಹೆಂಡಕ್ಕೂ ಇದೆ. ನನಗೆ ಮಾತ್ರ ಒಂದು ಹನಿಯೂ ಇಲ್ಲ. ಮೊದಮೊದಲು ಬೇಸರವಾಗುತ್ತಿತ್ತು. ಆಮೇಲೆ ತಿಳಿಯಿತು. ನಾನು ನೀರಿನ ಚಿತ್ರವಲ್ಲ, ನೀರಿಗಾಗಿ ಮನುಷ್ಯರು ಪಟ್ಟ ಪಾಡಿನ ಚಿತ್ರ.

ನಾನು ಹುಟ್ಟಿದ್ದು ಕೆಸರಿನಲ್ಲಿ. ಮೂರು ಸಾವಿರ ವರ್ಷಕ್ಕೂ ಹಿಂದೆ ನದಿ ಬಯಲಿನ ಜನ ಬಾವಿ ತೋಡುತ್ತಿದ್ದರು. ಮೆದು ಮಣ್ಣು. ತೋಡಿದಷ್ಟೂ ಕುಸಿಯುತ್ತಿತ್ತು. ಯಾರಿಗೋ ಉಪಾಯ ಹೊಳೆಯಿತು. ಎರಡು ಮರದ ತುಂಡು ಹೀಗೆ, ಅವುಗಳ ಮೇಲೆ ಎರಡು ತುಂಡು ಹಾಗೆ, ಅಡ್ಡಡ್ಡ ಇಟ್ಟರು. ಅದರ ಮೇಲೆ ಮತ್ತೊಂದು ಸುತ್ತು. ಗೋಡೆ ನಿಂತಿತು, ಒಳಗೆ ನೀರು ನಿಂತಿತು. ಆ ಮನುಷ್ಯನ ಹೆಸರು ಯಾರೂ ಬರೆದಿಡಲಿಲ್ಲ. ಅವನ ನಾಲ್ಕು ಮರದ ತುಂಡನ್ನು ಮಾತ್ರ ಬರೆದಿಟ್ಟರು. ಅರಮನೆಯ ಕಣಿ ಹೇಳುವವನೊಬ್ಬ ಮೇಲೆ ನಿಂತು ಬಗ್ಗಿ ನೋಡಿದ, ಕಂಡದ್ದನ್ನು ಎತ್ತಿನ ಮೂಳೆಯ ಮೇಲೆ ಕೊರೆದ. ಅದೇ ನನ್ನ ಮೊದಲ ದೇಹ. ಹೆತ್ತವರು ಕೆಳಗೆ, ಹೆಸರಿಟ್ಟವರು ಮೇಲೆ. ನನ್ನ ಬಾಳಿನುದ್ದಕ್ಕೂ ಇದೇ ಆಯಿತು.

ಕೆಲವು ತಲೆಮಾರು ಕಳೆದ ಮೇಲೆ ಕಂಚು ಎರಕ ಹೊಯ್ಯುವವರ ಕೈಗೆ ಬಿದ್ದೆ. ಅವರು ನನ್ನ ನಟ್ಟನಡುವೆ ಒಂದು ಚುಕ್ಕಿ ಇಟ್ಟರು. ಅದು ನೀರು ಸೇದುವ ಕೊಡ ಎಂದರು ಕೆಲವರು. ಏನಿಲ್ಲ, ಬರಿಯ ಅಂದ ಎಂದರು ಬೇರೆಯವರು. ನನಗಂತೂ ಆ ಚುಕ್ಕಿ ಬಲು ಇಷ್ಟವಾಗಿತ್ತು. ಮನೆಯೊಳಗೆ ಯಾರೋ ಇದ್ದಾರೆ ಅನ್ನಿಸುತ್ತಿತ್ತು. ಮುಂದೆ ಕುಂಚದ ಗುಮಾಸ್ತರು ಬಂದರು, ಅವಸರದ ಜನ. ಬರೆಯುವ ರಭಸದಲ್ಲಿ ಚುಕ್ಕಿ ಬಿಟ್ಟೇಬಿಟ್ಟರು. ನಾನು ಖಾಲಿ ಮನೆಯಾದೆ.

ಖಾಲಿ ಜಾಗ ಕಂಡರೆ ದೊಡ್ಡವರಿಗೆ ಕೈ ಕಡಿಯುತ್ತದೆ. ನನ್ನ ಗೆರೆಗಳನ್ನು ನಾಲ್ಕೂ ಕಡೆಗೆ ಎಳೆದು, ಒಂಬತ್ತು ಚೌಕ ಮಾಡಿ, ಇದು ಆದರ್ಶದ ಹಳ್ಳಿ ಎಂದು ಪಂಡಿತರು ಸಾರಿದರು. ಸುತ್ತಲ ಎಂಟು ಹೊಲ ಎಂಟು ಮನೆಗಳಿಗೆ. ನಡುವಿನ ಹೊಲ ಒಡೆಯನಿಗೆ, ಅದನ್ನು ಎಂಟು ಮನೆಯವರೂ ಸೇರಿ ಮೊದಲು ಉಳಬೇಕು. ಅಂಥ ಪದ್ಧತಿ ನಿಜಕ್ಕೂ ಇತ್ತೇ ಎಂದು ಓದಿದವರು ಈಗಲೂ ಜಗಳವಾಡುತ್ತಾರೆ. ಆಡಲಿ. ನನಗೆ ಕಂಡದ್ದು ಇಷ್ಟು: ನನ್ನ ಚುಕ್ಕಿ ಇದ್ದ ಜಾಗದಲ್ಲಿ ಒಡೆಯ ಬಂದು ಕೂತಿದ್ದ.

ಆದರೆ ಜನ ನನ್ನನ್ನು ಅಷ್ಟಕ್ಕೇ ಬಿಡಲಿಲ್ಲ. ಬಾವಿಕಟ್ಟೆಯಲ್ಲಿ ಸೇರಿದರು, ಸೊಪ್ಪು ಮಾರಿದರು, ಚಾಡಿ ಹೇಳಿದರು. ಹೀಗಾಗಿ ಪೇಟೆಯ ಮಾತಿನೊಳಗೆ ನಾನು ಸೇರಿಕೊಂಡೆ. ಗೆರೆಗಳು ನೆಟ್ಟಗಿವೆ ಎಂದು ಅಚ್ಚುಕಟ್ಟು ಎಂಬುದಕ್ಕೆ ನನ್ನನ್ನು ಎರಡೆರಡು ಸಲ ಹೇಳಿದರು. ಊರು ಬಿಟ್ಟು ಹೋಗುವುದನ್ನು ಬಾವಿಗೆ ಬೆನ್ನು ಹಾಕುವುದು ಎಂದರು. ನೇಗಿಲಿನ ಗುರುತಿನ ಪಕ್ಕ ನನ್ನನ್ನು ನಿಲ್ಲಿಸಿ ಉಳುಮೆ ಎಂದು ಓದಿದರು. ಗುಡ್ಡದ ಗುರುತಿನ ಪಕ್ಕ ನಿಲ್ಲಿಸಿ ಮೃಗ ಬೀಳುವ ಗುಂಡಿ ಎಂದೂ ಓದಿದರು! ಬಾಯಾರಿದ ಮೇಲೆ ಬಾವಿ ತೋಡಿದ ಹಾಗೆ ಎಂಬ ಗಾದೆಯಲ್ಲಿ ನಾನಿದ್ದೇನೆ. ನಿಮ್ಮಲ್ಲಿ ಅದೇ ಬಾವಿಯನ್ನು ಬೆಂಕಿ ಬಿದ್ದಾಗ ತೋಡುತ್ತಾರಂತೆ. ಬಾವಿಯೊಳಗಿನ ಕಪ್ಪೆಯನ್ನು ಎರಡೂ ದೇಶದವರು ಬೈಯುತ್ತಾರೆ. ನಾನು ಕಪ್ಪೆಯ ಪರ. ಆಕಾಶ ಚಿಕ್ಕದಾಗಿ ಕಂಡರೆ ತಪ್ಪು ಕಪ್ಪೆಯದಲ್ಲ, ಅದನ್ನು ಕೆಳಗೇ ಇರಿಸಿದವರದು.

ಇನ್ನೊಂದು ಗಾದೆ ಉಂಟು. ನೀರು ಕುಡಿಯುವಾಗ ಬಾವಿ ತೋಡಿದವರನ್ನು ಮರೆಯಬೇಡ. ಚೆಂದದ ಮಾತು. ಗೋಡೆಗೆ ತೂಗು ಹಾಕಲು ಇನ್ನೂ ಚೆಂದ. ಆ ಮಾತಿನಂತೆ ಜನ ನಡೆದದ್ದನ್ನು ನೋಡಲು ನಾನು ಕಡಲು ದಾಟಬೇಕಾಯಿತು.

ದಾಟಿದ್ದು ಭರಣಿಯ ತಳಕ್ಕೆ ಅಂಟಿಕೊಂಡು. ದಕ್ಷಿಣ ಚೀನಾದ ಒಬ್ಬ ಕುಂಬಾರನ ಭಟ್ಟಿ ಊರಬಾವಿಯ ಪಕ್ಕದಲ್ಲಿತ್ತು. ಅದರ ಗುರುತಿಗೆಂದು ಅವನು ಭರಣಿಗಳ ತಳಕ್ಕೆ ನೀಲಿ ಬಣ್ಣದಲ್ಲಿ ನನ್ನನ್ನು ಬರೆಯುತ್ತಿದ್ದ. ಅಂದಿನಿಂದ ನಾನು ಲೋಕವನ್ನು ಅಡಿಯಿಂದ ನೋಡುವ ಅಕ್ಷರವಾದೆ. ಹಡಗಿನ ಹೊಟ್ಟೆಯಲ್ಲಿ ಉಮಿಯ ನಡುವೆ ಕೂತು, ಯಾರು ಯಾರದೋ ಕೈ ದಾಟಿ, ಮಂಗಳೂರು ಕಡೆಯ ಕರಾವಳಿಯಲ್ಲಿ ಇಳಿದೆ. ಉಪ್ಪು ನೀರಿನ ಮಾವಿನ ಮಿಡಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಒಂದು ಮದುವೆಯ ದಿಬ್ಬಣದ ಜೊತೆ ಹೊಯ್ಗೆಕೇರಿಗೆ ಬಂದೆ. ಮದುಮಗಳ ಮೊಮ್ಮಗಳು ಸೆವ್ರಿನ್‌ಬಾಯಿಯ ಕಾಲಕ್ಕೆ ಭರಣಿಯ ಬಾಯಿ ಒಡೆದು ಮುಕ್ಕಾಗಿತ್ತು.

ಮುಕ್ಕಾದ ಪಾತ್ರೆಗಳಿಗೆ ಆ ಕೇರಿಯಲ್ಲಿ ಒಂದೇ ದಾರಿ. ಅವು ಐತೆಗೆ ಹೋಗುತ್ತಿದ್ದವು.

ಐತೆ ಬಾವಿ ತೋಡುವವಳು. ಅವಳ ಮನೆ ಕೇರಿಯ ತುದಿಯಲ್ಲಿ, ಚರಂಡಿಯ ಆಚೆ. ಎಲ್ಲ ಕಡೆ ಗಂಡಸರು ಕೆಳಗಿಳಿದು ಹೆಂಗಸರು ಮೇಲೆ ಮಣ್ಣಿನ ಬುಟ್ಟಿ ಎಳೆದರೆ ಇವರದು ಉಲ್ಟಾ. ಇವಳು ಕೆಳಗೆ, ಗಂಡ ಅಂಗಾರ ಮೇಲೆ. ಕೇಳಿದರೆ ಅಂಗಾರ ನಾಚಿಕೆಯಿಲ್ಲದೆ ಹೇಳುತ್ತಿದ್ದ: "ಬಾವಿ ನೋಡಿದ್ರೆ ನನಗೆ ತಲೆ ತಿರುಗ್ತದೆ ಮಾರಾಯ್ರೆ. ಅವಳನ್ನು ನೋಡಿದ್ರೂ ತಿರುಗ್ತದೆ. ಎರಡನ್ನೂ ಮೇಲಿಂದ ನೋಡುದು ಒಳ್ಳೇದು."

ಗಂಜಿ ಒಯ್ಯಲಿಕ್ಕೆ ಇರಲಿ ಎಂದು ಸೆವ್ರಿನ್‌ಬಾಯಿ ಭರಣಿಯನ್ನು ಜಗಲಿಯ ಕೆಳಗಿಟ್ಟು ಸರಿದು ನಿಂತಳು. "ಬಾಯಿ ಸ್ವಲ್ಪ ಒಡೆದಿದೆ ಐತೆ."

ಐತೆ ಅದನ್ನೆತ್ತಿ, ತನ್ನ ಮುರಿದ ಮುಂಬಲ್ಲು ತೋರಿಸಿ ನಕ್ಕಳು. "ನನ್ನದೂ ಹಾಗೇ ಅಲ್ವಾ ಬಾಯಮ್ಮ? ಜೋಡಿ ಆಯ್ತು ಬಿಡಿ."

ಹೊಯ್ಗೆಕೇರಿ ಹೊಳೆಗೂ ಕಡಲಿಗೂ ನಡುವಿನ ಮರಳಿನ ಕೇರಿ. ತುಳು, ಬ್ಯಾರಿ, ಕೊಂಕಣಿ ಎಲ್ಲ ಮಾತಾಡುವ ಮನೆಗಳಿದ್ದವು. ಇಡೀ ಕೇರಿಗೆ ಕೇಳಿಸಬೇಕಾದ ಜಗಳ ಮಾತ್ರ ಕನ್ನಡದಲ್ಲಿ. ಅಲ್ಲಿ ಎಲ್ಲಿ ತೋಡಿದರೂ ನೀರು ಸಿಗುತ್ತಿತ್ತು, ಆದರೆ ಉಪ್ಪು. ಸಿಹಿನೀರಿಗೆ ಮೇಲಿನ ಕೇರಿಯ ಬಾವಿಗೇ ನಡೆಯಬೇಕು. ಆ ಬಾವಿ ತೋಡಿದ್ದು ಐತೆಯ ಅಪ್ಪ. ಆದರೂ ಐತೆ ಕೊಡ ಹಿಡಿದು ಅದರಿಂದ ದೂರ ನಿಲ್ಲಬೇಕು. ಯಾರಾದರೂ ಪುರುಸೊತ್ತಾದವರು ಸೇದಿ, ಎತ್ತರದಿಂದ, ಅವಳ ಕೊಡಕ್ಕೆ ತಾಗದ ಹಾಗೆ ಹೊಯ್ಯಬೇಕು. ಹಾಗೆ ಮಾಡಬಾರದು ಎಂಬ ಕಾಯ್ದೆ ಬಂದು ಎಷ್ಟೋ ಕಾಲವಾಗಿತ್ತು. ಕಾಯ್ದೆ ಕಾಗದದ ಮೇಲಿತ್ತು, ಹಗ್ಗ ಬೇರೆಯವರ ಕೈಯಲ್ಲಿತ್ತು. ನೀರು ತಲೆಯ ಮೇಲೆ, ಹೆಗಲ ಮೇಲೆ, ಸೀರೆಯ ಮೇಲೆ ಚೆಲ್ಲುತ್ತಿತ್ತು. ಉಳಿದದ್ದು ಕೊಡಕ್ಕೆ.

ಕೊನೆಗೆ ಹೊಯ್ಗೆಕೇರಿಯವರು ತಮ್ಮದೇ ಬಾವಿ ತೋಡಿಸಲು ಹೊರಟರು. ಮುಂದಾಳು ಸಂಕಪ್ಪಣ್ಣ. ಹೆಂಚಿನ ಕಾರ್ಖಾನೆಯ ಮೇಸ್ತ್ರಿ, ಗಟ್ಟಿ ಗಂಟಲು, ಕೆಟ್ಟವನಲ್ಲ. ಕೆಟ್ಟವರಲ್ಲದವರೇ ಕೆಟ್ಟದ್ದನ್ನು ಬಹುಕಾಲ ಬಾಳಿಸುವುದು. ಕೆಲಸಕ್ಕೆ ಇಳಿಯುವ ಮೊದಲು ಐತೆ ಕೇಳಿದಳು: "ಸಂಕಪ್ಪಣ್ಣ, ಬಾವಿ ಆದ ಮೇಲೆ ನಮ್ಮ ಮನೆಗೂ ಒಂದು ಹಗ್ಗ ಉಂಟಾ?"

ಧಣಿ ಅನ್ನಬೇಕಿತ್ತು. ಅಣ್ಣ ಅಂದಳು. ಸಂಕಪ್ಪಣ್ಣ ಕೆಮ್ಮಿದ.

"ಮೊದಲು ನೀರು ಬರ್ಲಿ ಐತೆ. ನೀರಿಲ್ಲದೆ ಹಗ್ಗದ ಮಾತು ಎಂತಕ್ಕೆ?"

"ನೀರು ಬಂದ ಮೇಲೆ ನಮ್ಮ ಮಾತು ಯಾರಿಗೆ ಬೇಕು?" ಎಂದು ಅವಳು ಗೊಣಗಿದ್ದನ್ನು ಅವಳ ಕಂಕುಳಲ್ಲಿದ್ದ ನಾನು ಮಾತ್ರ ಕೇಳಿಸಿಕೊಂಡೆ.

ತೋಡುವ ದಿನಗಳಲ್ಲಿ ಕೇರಿಯ ಹೆಂಗಸರು ಮೊರದಲ್ಲಿ ಬೀಡಿ ಎಲೆ ಇಟ್ಟುಕೊಂಡು ಅಲ್ಲಿಯೇ ಹಲಸಿನ ಮರದ ನೆರಳಲ್ಲಿ ಕೂರುತ್ತಿದ್ದರು. ಎಲ್ಲರಿಗಿಂತ ಹಿರಿಯಳು ಬೀಪಾತುಮ್ಮ. ಒಂದು ಮಧ್ಯಾಹ್ನ ಗಂಜಿ ಕುಡಿದ ಐತೆ ಭರಣಿ ತೊಳೆದು ಮಣ್ಣಿನ ರಾಶಿಯ ಮೇಲೆ ಬೋರಲು ಹಾಕಿದಳು. ಬಹಳ ವರ್ಷದ ಮೇಲೆ ನನಗೆ ಬಿಸಿಲು ಕಂಡಿತು.

"ಅದೆಂಥದ್ದು ಅಡಿಯಲ್ಲಿ, ಗೀಟು?" ಬೀಪಾತುಮ್ಮ ಕತ್ತು ಚಾಚಿದಳು.

"ನಮ್ಮ ಅಜ್ಜಿ ಹೇಳ್ತಿದ್ರು, ಅಂಗಡಿಯವನ ಗುರುತು ಅಂತ," ಎಂದಳು ಸೆವ್ರಿನ್‌ಬಾಯಿ.

"ಅಲ್ಲಪ್ಪ, ಬಲೆ. ಮೀನಿನ ಬಲೆ," ಎಂದ ಅಂಗಾರ. ಅವನಿಗೆ ಹಸಿವಾಗಿತ್ತು.

ಐತೆ ಭರಣಿಯನ್ನು ಕೈಗೆತ್ತಿಕೊಂಡು ಅತ್ತಿತ್ತ ತಿರುಗಿಸಿದಳು. ಆಮೇಲೆ ಪಕ್ಕದಲ್ಲಿದ್ದ ನೆಲ್ಲಿಮರದ ತುಂಡುಗಳನ್ನು ನೋಡಿದಳು. ಆ ಕಡೆ ಒಂದು ವಾಡಿಕೆ ಉಂಟು. ಹೊಸ ಬಾವಿಯಲ್ಲಿ ಒರತೆ ಕಂಡೊಡನೆ ತಳಕ್ಕೆ ನೆಲ್ಲಿಮರದ ನಾಲ್ಕು ತುಂಡುಗಳನ್ನು ಅಡ್ಡಡ್ಡ ಜೋಡಿಸುತ್ತಾರೆ. ಮರಳು ಏಳುವುದಿಲ್ಲ, ನೀರು ತಿಳಿಯಾಗುತ್ತದೆ, ರುಚಿಯಾಗುತ್ತದೆ ಎಂದು ನಂಬಿಕೆ.

"ನಮ್ಮ ನೆಲ್ಲಿಚೌಕದ ಹಾಗೆ ಉಂಟಲ್ಲ ಇದು!" ಎಂದು ಐತೆ ನಕ್ಕುಬಿಟ್ಟಳು. "ಯಾರೋ ನಮ್ಮ ಕೆಲಸದವರೇ ಬರ್ದಿರ್ಬೇಕು."

ಮೂರು ಸಾವಿರ ವರ್ಷದ ಮೇಲೆ ನನಗೆ ತವರಿನವರು ಸಿಕ್ಕ ಹಾಗಾಯಿತು. ಅಕ್ಷರಕ್ಕೆ ಅಳಲು ಬರುವುದಿಲ್ಲ. ಬಂದಿದ್ದರೆ ಆ ಮೂರು ಹನಿಗಳು ನನಗೂ ಸಿಗುತ್ತಿದ್ದವೇನೋ.

ಒರತೆ ಬಿದ್ದದ್ದು ಒಂದು ಬೆಳಿಗ್ಗೆ. ನೆಲ್ಲಿಯ ತುಂಡುಗಳು ಹಗ್ಗದಲ್ಲಿ ಕೆಳಗಿಳಿದವು. ಐತೆ ಅವನ್ನು ಜೋಡಿಸಿದಳು, ಹೀಗೆ ಎರಡು, ಹಾಗೆ ಎರಡು. ಬಗ್ಗಿ ನೋಡಿದ ಎಲ್ಲರಿಗೂ ಮರ ಕಂಡಿತು. ನನಗೆ ನನ್ನ ಹೊಸ ದೇಹ ಕಂಡಿತು. ಅಕ್ಷರಕ್ಕೆ ಅದೊಂದು ಸುಖ, ಎಲ್ಲಿ ಬರೆದರೆ ಅಲ್ಲಿ ಇರಬಹುದು. ಆ ಕ್ಷಣ ನಾನು ಭರಣಿಯ ಅಡಿಯಲ್ಲೂ ಇದ್ದೆ, ಬಾವಿಯ ತಳದಲ್ಲೂ ಇದ್ದೆ. ಮೇಲೆ ಸುತ್ತಲೂ ತಲೆಗಳು. ಸಂಕಪ್ಪಣ್ಣನ ಕೈಯಲ್ಲಿ ಒಡೆಯಲು ತೆಂಗಿನಕಾಯಿ.

ಇನ್ನು ಉಳಿದದ್ದು ಒಂದೇ ಶಾಸ್ತ್ರ. ಮೊದಲ ಗುಟುಕು ತೋಡಿದವರದು. ಅವರು ಕುಡಿದು ಉಪ್ಪೋ ಸಿಹಿಯೋ ಎಂದು ಕೂಗಿ ಹೇಳಬೇಕು. ಆಮೇಲೆ ಅವರು ಮೇಲೆ ಬರಬೇಕು, ಅಕ್ಕಿ ಬಟ್ಟೆ ತೆಗೆದುಕೊಂಡು ಹೊರಡಬೇಕು. ಬಾವಿಗೆ ಅರಸಿನ ನೀರು ಹಾಕಿ ಶುದ್ಧ ಮಾಡಬೇಕು. ಅಲ್ಲಿಂದ ಮುಂದೆ ತೋಡಿದವರು ಕಟ್ಟೆ ಮುಟ್ಟುವ ಹಾಗಿಲ್ಲ. ಎಂಥ ಬುದ್ಧಿವಂತ ಶಾಸ್ತ್ರ ನೋಡಿ! ವಿಷವಾಗಿದ್ದರೆ ಅವರು ಸಾಯಬೇಕು, ಸಿಹಿಯಾಗಿದ್ದರೆ ಅವರು ದೂರ ನಿಲ್ಲಬೇಕು.

ಐತೆ ಜೊತೆಗೆ ಕೆಳಗೆ ತಂದಿದ್ದ ಭರಣಿಯನ್ನು ಅದ್ದಿದಳು. ಕುಡಿದಳು. ಬಾಯಿ ಒರೆಸಿಕೊಂಡಳು. ನೆಲ್ಲಿಚೌಕದ ನಟ್ಟನಡುವೆ ಚಕ್ಕಳಮಕ್ಕಳ ಹಾಕಿ ಕೂತಳು.

"ಐತೇ! ಹೇಗುಂಟು? ಉಪ್ಪಾ, ಸಿಹಿಯಾ?"

ಕೆಳಗಿನಿಂದ ಉತ್ತರ ಬಂತು: "ಹೇಳುದಿಲ್ಲ."

"ಎಂಥ?"

"ಹೇಳುದಿಲ್ಲ ಅಂದೆ. ನಮ್ಮ ಹಗ್ಗ ಎಲ್ಲಿ ಕಟ್ಟುದು ಅಂತ ನೀವು ಹೇಳಿ, ನೀರು ಹೇಗುಂಟು ಅಂತ ನಾನು ಹೇಳ್ತೇನೆ."

ಮೇಲೆ ಗದ್ದಲವೆದ್ದಿತು. ಇದೆಂಥ ಅಹಂಕಾರ ಎಂದರು, ಯಾರು ಹೇಳಿಕೊಟ್ಟದ್ದು ಎಂದರು. ಸಂಕಪ್ಪಣ್ಣ ಗಂಟಲು ಏರಿಸಿದ: "ನೀನು ಹೇಳದಿದ್ರೆ ಬೇಡ. ಕೊಡಪಾನ ಬಿಟ್ಟು ನಾವೇ ನೋಡ್ತೇವೆ."

"ಬಿಡಿ ಬಿಡಿ. ನಾನು ಕೂತ ನೀರೇ ಬರ್ತದೆ."

ಇಳಿಯುತ್ತಿದ್ದ ಕೊಡಪಾನ ಗಾಳಿಯಲ್ಲಿ ನಿಂತುಬಿಟ್ಟಿತು. ನನಗೆ ನಗು ತಡೆಯಲಾಗಲಿಲ್ಲ. ನೀರಿನಲ್ಲಿ ಸಣ್ಣ ಅಲೆ ಎದ್ದದ್ದನ್ನು ಐತೆ ಒರತೆ ಎಂದುಕೊಂಡಿರಬೇಕು.

ಒರತೆಯೂ ಸುಮ್ಮನಿರಲಿಲ್ಲ. ಕೂತವಳ ಸೊಂಟಕ್ಕೆ ಬಂತು. ಅಂಗಾರ ಅಂಚಿನಿಂದ ಮಾರುದೂರ ನಿಂತು ಕೂಗಿದ: "ಐತೇ, ಬಾ ಮಾರಾಯ್ತಿ. ಶೀತ ಆಗ್ತದೆ. ಹೊಯ್ದ ನೀರಲ್ಲೇ ಇಷ್ಟು ದಿನ ಬದುಕ್ಲಿಲ್ವಾ ನಾವು?"

"ಹೊಯ್ದ ನೀರಲ್ಲಿ ನೀವು ಬದುಕಿದ್ದು. ನೆನೆದದ್ದು ನಾನು. ನೀವು ಸುಮ್ನೆ ಹಗ್ಗ ಹಿಡ್ಕೊಳ್ಳಿ."

ಅಂಗಾರ ಹಗ್ಗ ಹಿಡಿದುಕೊಂಡ. ಆಮೇಲೆ ಏನನ್ನಿಸಿತೋ, ಕಣ್ಣು ಮುಚ್ಚಿ ಅಂಚಿಗೇ ಬಂದು ಕೂತ. ತಲೆ ತಿರುಗಿದರೆ ತಿರುಗಲಿ ಎಂಬ ಹಾಗೆ.

ಆಗ ಐತೆ ಭರಣಿಯನ್ನು ತುಂಬಿ, ಮಣ್ಣೆಳೆಯುವ ಬುಟ್ಟಿಯಲ್ಲಿಟ್ಟು ಕೂಗಿದಳು. "ಇಗೊಳ್ಳಿ, ಎಳೀರಿ! ಕಾಲು ತಾಗದ ಜಾಗದ ಒರತೆ, ನಾನು ಕುಡಿದ ಭರಣಿ. ತಿಳೀಬೇಕಾದವರು ಕುಡಿದು ನೋಡಿ. ಕುಡಿಯದವರಿಗೆ ಸಂಜೆವರೆಗೆ ಯೋಚನೆ ಮಾಡ್ಲಿಕ್ಕೆ ಉಂಟು."

ನಾನು ಮೇಲೆ ಬಂದೆ. ಕಟ್ಟೆಗೆಂದು ತಂದಿದ್ದ ಮುರಕಲ್ಲಿನ ಮೇಲೆ ನನ್ನನ್ನಿಟ್ಟರು. ಸುತ್ತ ನಿಂತರು. ಯಾರೂ ಮುಟ್ಟಲಿಲ್ಲ. ಉಪ್ಪೋ ಸಿಹಿಯೋ ಎಂಬ ಚಿಂತೆ ಒಬ್ಬೊಬ್ಬರ ಮುಖದಲ್ಲೂ ಕೆರೆಯುತ್ತಿತ್ತು. ವರ್ಷಗಟ್ಟಲೆ ಮೇಲಿನ ಕೇರಿಗೆ ನಡೆದ ಕಾಲುಗಳು ಅವು. ಆದರೆ ಭರಣಿ ಐತೆಯದು.

ಬೀಪಾತುಮ್ಮ ಮೊರ ಕೆಳಗಿಟ್ಟು ಎದ್ದು ಬಂದಳು. "ನೀವು ಶಾಸ್ತ್ರ ಮುಗಿಸುವಷ್ಟರಲ್ಲಿ ನಾನು ಮಣ್ಣಾಗ್ತೇನೆ. ನನಗೆ ಬಾಯಾರಿಕೆ," ಎನ್ನುತ್ತ ಭರಣಿ ಎತ್ತಿ ಮುಕ್ಕಾದ ಬಾಯಿಗೇ ಬಾಯಿ ಇಟ್ಟು ಕುಡಿದಳು. ಕಣ್ಣು ಮುಚ್ಚಿದಳು. ತೆರೆದಳು.

"ಬೀಪಾತುಮ್ಮ, ಹೇಗುಂಟು?" ಎಲ್ಲರೂ ಒಟ್ಟಿಗೆ.

ಮುದುಕಿ ಬೊಚ್ಚು ಬಾಯಿ ಅಗಲಿಸಿದಳು. "ಹೇಳುದಿಲ್ಲ."

ಬಾವಿಯ ತಳದಿಂದ ಐತೆ ಬಿದ್ದುಬಿದ್ದು ನಗುವುದು ಕೇಳಿಸಿತು.

ಮುಂದೆ ಸೆವ್ರಿನ್‌ಬಾಯಿ. ಶಿಲುಬೆಯ ಗುರುತು ಮಾಡಿಕೊಂಡಳು. "ಭರಣಿ ನಮ್ಮ ಅಜ್ಜಿದೇ ಅಲ್ವಾ?" ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಕುಡಿದಳು. ಅವಳೂ ಹೇಳಲಿಲ್ಲ. ಬೀಡಿ ಕಟ್ಟುವ ಹೆಂಗಸರು ಒಬ್ಬೊಬ್ಬರಾಗಿ ಬಂದರು. ಕುಡಿದವರೆಲ್ಲ ಒಂದು ಕಡೆ ನಿಂತು ಸೆರಗು ಬಾಯಿಗಿಟ್ಟು ಮುಸಿಮುಸಿ ನಕ್ಕರು. ಕುಡಿಯದವರು ಇನ್ನೊಂದು ಕಡೆ. ಕೇರಿಯಲ್ಲಿ ಎಷ್ಟೋ ಜಾತಿಗಳಿದ್ದವು. ಅಂದು ಎರಡೇ ಉಳಿದವು, ನೀರಿನ ರುಚಿ ಗೊತ್ತಿದ್ದವರದು ಒಂದು, ಗೊತ್ತಿಲ್ಲದವರದು ಇನ್ನೊಂದು. ಗೊತ್ತಿಲ್ಲದವರ ಗುಂಪು ಕರಗುತ್ತ ಬಂತು.

ಕೊನೆಗೆ ಸಂಕಪ್ಪಣ್ಣನೂ ಅವನ ಬೆನ್ನಿಗೆ ನಿಂತ ಎರಡು ಮನೆಯವರೂ ಉಳಿದರು. ಬಿಸಿಲು ಏರಿತ್ತು. ಕೈಯಲ್ಲಿ ತೆಂಗಿನಕಾಯಿ ಹಿಡಿದು ಹಿಡಿದು ಅವನ ತೋಳು ಸೋತಿತ್ತು. ಅವನು ಹೆಂಡತಿಯ ಮುಖ ನೋಡಿದ. ಅವಳೂ ಸೆರಗಿನ ಕಡೆಯವಳು.

"ನೀನಾದ್ರೂ ಹೇಳೇ."

"ಅಲ್ಲೇ ಉಂಟಲ್ಲ ಭರಣಿ. ಕೈ ಇಲ್ವಾ ನಿಮ್ಗೆ?"

ಸಂಕಪ್ಪಣ್ಣ ತೆಂಗಿನಕಾಯಿ ಕೆಳಗಿಟ್ಟ. ಭರಣಿಯನ್ನೆತ್ತಿದ. ಅವನ ಅಂಗೈ ನನಗೆ ತಾಗಿತು, ಬೆವರಿತ್ತು. ಅದನ್ನು ನೋಡಿದವರು ಯಾರೂ ಇಲ್ಲ, ಅಡಿಯಲ್ಲಿದ್ದವರಿಗೆ ಮಾತ್ರ ತಿಳಿಯುವ ಸಂಗತಿ ಅದು. ಮೊದಲು ತುಟಿ ತೋಯಿಸಿದ. ಆಮೇಲೆ ಗಟಗಟ ಕುಡಿದ, ತಳದವರೆಗೆ. ಖಾಲಿ ಭರಣಿಯನ್ನು ಕಲ್ಲಿನ ಮೇಲಿಟ್ಟ.

"ಐತೇ," ಬಾವಿಯೊಳಗೆ ಬಗ್ಗಿ ಕೂಗಿದ. ಗಂಟಲು ಮೊದಲಿನಷ್ಟು ಗಟ್ಟಿ ಇರಲಿಲ್ಲ. "ಹಗ್ಗ ಮೂಡು ಕಡೆ ಕಟ್ಟುವ. ನಿಮಗೆ ಅದೇ ಹತ್ತಿರ."

"ಎಲ್ಲರಿಗೂ ಕೇಳುವ ಹಾಗೆ ಹೇಳಿ."

"ಐತೆಯ ಮನೆ ಹಗ್ಗ ಮೂಡು ಕಡೆ!" ಹಲಸಿನ ಮರದ ಕಾಗೆಗಳು ಹಾರಿದವು. "ಸಾಕಾ? ಇನ್ನು ಬಾ ಮಾರಾಯ್ತಿ."

"ಸಿಹಿ!" ಎಂದು ಐತೆ ಕೆಳಗಿನಿಂದ ಕೂಗಿದಳು, ಯಾರಿಗೂ ಗೊತ್ತಿಲ್ಲವೇನೋ ಎಂಬಂತೆ. ಎಲ್ಲರೂ ಹೋ ಎಂದರು. ಅಂಗಾರ ಕಣ್ಣು ಮುಚ್ಚಿಕೊಂಡೇ ಹಗ್ಗ ಎಳೆದ. ಅರಸಿನ ನೀರು ಹಿಡಿದು ಬಂದವರನ್ನು ಸಂಕಪ್ಪಣ್ಣನೇ ತಡೆದ: "ಇನ್ನೆಂತ ಶುದ್ಧ ಮಾಡುದು? ಹೊಟ್ಟೆಗೇ ಹೋಗಿದೆಯಲ್ಲ."

ಅಂದಿನಿಂದ ಎಲ್ಲ ಸರಿಹೋಯಿತು ಎಂದು ಹೇಳಿದರೆ ನೀವು ನಂಬಬೇಡಿ. ಆ ಎರಡು ಮನೆಯವರು ಮುನಿಸಿಕೊಂಡು ಮತ್ತೆ ಮೇಲಿನ ಕೇರಿಗೇ ನಡೆದರು. ಏಪ್ರಿಲ್ ಬಿಸಿಲಿಗೆ ಅಲ್ಲಿನ ಬಾವಿ ಬತ್ತಿದಾಗ ತಲೆ ತಗ್ಗಿಸಿಕೊಂಡು ಬಂದರು. ಮನಸ್ಸು ಬದಲಾಯಿತು ಎನ್ನಲಾರೆ. ಕೊಡ ಖಾಲಿಯಾಗಿತ್ತು, ಅಷ್ಟೇ. ಅವರು ಬಂದಾಗ ಮೂಡು ಕಡೆಯ ಹಗ್ಗ ಹಿಡಿದು ನೀರು ಸೇದುತ್ತಿದ್ದ ಐತೆ ಸರಿದು ನಿಲ್ಲಲಿಲ್ಲ. ಅವರು ಪಡು ಕಡೆಯಿಂದ ಸೇದಿದರು. ಎರಡು ಕೊಡಪಾನಗಳೂ ಕೆಳಗೆ ಒಂದಕ್ಕೊಂದು ತಾಗಿ ಠಣ್ ಎಂದವು. ಅಷ್ಟು ಇಂಪಾದ ಸದ್ದನ್ನು ನಾನು ಚೀನಾದ ಕಂಚಿನಲ್ಲೂ ಕೇಳಿರಲಿಲ್ಲ.

ಭರಣಿ ಬಹುಕಾಲ ಕಟ್ಟೆಯ ಮೇಲೆಯೇ ಇತ್ತು, ದಾರಿಹೋಕರೂ ಕುಡಿಯುವ ಪಾತ್ರೆಯಾಗಿ. ಒಂದು ದಿನ ಯಾರದೋ ಮೊಣಕೈ ತಾಗಿ ಬಾವಿಗೆ ಬಿತ್ತು. ಒಡೆಯಲಿಲ್ಲ. ಓಲಾಡುತ್ತ ಇಳಿದು ಬಂದು ನೆಲ್ಲಿಚೌಕದ ಮೇಲೆ ಕೂತಿತು. ನೀಲಿ ಗೆರೆಯ ನಾನೂ ಮರದ ನಾನೂ ಈಗ ಒಂದೇ ಮನೆ.

ನನಗೀಗ ವಯಸ್ಸಾಗಿದೆ. ಕೇರಿಗೆ ನಲ್ಲಿ ಬಂದಿದೆ. ಬಾವಿಯ ಬಾಯಿಗೆ ಕಬ್ಬಿಣದ ಸರಳುಗಳ ಮುಚ್ಚಳ ಹಾಕಿದ್ದಾರೆ. ಅಡ್ಡ ಸರಳು, ಉದ್ದ ಸರಳು; ಮೇಲೆ ನೋಡಿದರೆ ನನ್ನದೇ ಮರಿಗಳು ಸಾಲಾಗಿ ಆಕಾಶಕ್ಕೆ ಅಂಟಿಕೊಂಡ ಹಾಗೆ ಕಾಣುತ್ತದೆ. ಒಂದು ಕಪ್ಪೆ ಜೊತೆಗಿದೆ. ನೆಲ್ಲಿಮರ ನೀರಿನಲ್ಲಿ ಕೊಳೆಯದೆ ಬಾಳುತ್ತದಂತೆ, ನಾನೂ ಕೊಳೆತಿಲ್ಲ. ನಲ್ಲಿ ಬರದ ದಿನ ಮುಚ್ಚಳ ತೆರೆಯುತ್ತದೆ, ಮೂಡು ಕಡೆಯಿಂದ ಒಂದು ಹಗ್ಗ ಇಳಿಯುತ್ತದೆ. ಸೇದುವ ಮುಖ ನೆರಳಲ್ಲಿ ಕಾಣದು. ನಗುವಿನ ಗುರುತು ಹತ್ತುತ್ತದೆ, ಮುರಿದ ಹಲ್ಲಿನ ಸಂದಿನಿಂದ ಬರುವ ನಗು.

ಪಂಡಿತರು ನನ್ನ ಚುಕ್ಕಿಯ ಬಗ್ಗೆ ಇನ್ನೂ ವಾದಿಸುತ್ತಿರಬಹುದು, ಕೊಡವೋ, ಅಂದವೋ ಎಂದು. ನೀವು ಎಂದಾದರೂ ನನ್ನನ್ನು ಬರೆಯುವುದಾದರೆ ನಾಲ್ಕು ಗೆರೆ ಎಳೆದು ನಿಲ್ಲಿಸಬೇಡಿ. ನಟ್ಟನಡುವೆ ಒಂದು ಚುಕ್ಕಿ ಇಡಿ. ಅವಳು ಅಲ್ಲಿ ಕೂತಿದ್ದಳು.